ಶನಿಪೇಟೆಯ ಕರೆ

ಈ ವರ್ಷ ಬರುತ್ತದಂತೆ. ಹೋದ ವರ್ಷವೂ ಹೀಗೇ ಅಂದಿದ್ದರು, ಅದರ ಹಿಂದಿನ ವರ್ಷವೂ ಅಂದಿದ್ದರು. ನಮ್ಮ ಮಹಡಿಯ ಮೇಲೆ ತಯಾರಾಗುತ್ತಿರುವ ಆಟದ ಮಾತು ಇದು. ಆಟ ಅಂದರೆ ಕಂಪ್ಯೂಟರಿನಲ್ಲಿ ಆಡುವುದು. ಎಲ್ಲೆಲ್ಲೋ ಕೂತ ಜನ ಒಟ್ಟಿಗೆ ಸೇರಿ, ಶನಿಗ್ರಹದ ಮೇಲಿನ ಒಂದು ಪೇಟೆಯಲ್ಲಿ ಬಂದೂಕು ಹಿಡಿದು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವುದು. ಆಟ ಇನ್ನೂ ಅಂಗಡಿಗೆ ಬಂದಿಲ್ಲ, ಆಗಲೇ ಕ್ಯಾಮೆರಾ ಹಿಡಿದವರು ಬರುತ್ತಾರೆ. ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಹೇಳಿ ಅಂತ, ಆಟ ಕಟ್ಟುತ್ತಿರುವ ಪಂಪಾಪತಿಯನ್ನು ಕೂರಿಸಿಕೊಂಡು ಕೇಳುತ್ತಾರೆ. ಅವನು ಎಲ್ಲ ಹೇಳುತ್ತಾನೆ. ಕೊನೆಗೆ ಅವರು, “ಸತ್ತ ಆಟಗಾರನನ್ನು ಹೆಸರು ಹಿಡಿದು ಕರೆಯುವ ದನಿ ಇದೆಯಲ್ಲ ಸಾರ್, ಅದರ ಕಥೆ ಹೇಳಿ” ಅಂದರೋ, “ಒಂದು ನಿಮಿಷ” ಅಂತ ಎದ್ದು ಕೆಳಗಿಳಿದು ಸೀದಾ ನನ್ನ ಅಡುಗೆಮನೆಗೆ ಬಂದು ನಿಲ್ಲುತ್ತಾನೆ. ಅವರು ಕಾದು ಕಾದು ಹೊರಟ ಮೇಲೇ ಅವನು ಹೊರಗೆ ತಲೆ ಹಾಕುವುದು. ಮುಖ ಎತ್ತಲಾರದ ಗಂಡಸನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡು ಒಗ್ಗರಣೆ ಹಾಕುವ ಕಷ್ಟ ನನಗೊಬ್ಬಳಿಗೇ ಗೊತ್ತು. ಒಳ್ಳೆಯ ಮನುಷ್ಯ ಅಂತಲೇ ಈಗಲೂ ಅನ್ನುತ್ತೇನೆ. ಏನಾದರೂ ಕೆಲಸ ಹೇಳಿದರೆ “ಮಾಡ್ತೀನಿ” ಅನ್ನುತ್ತಾನೆ, ಮುಗಿಸಿ ಬಂದು “ಮಾಡಿದೆ” ಅನ್ನುತ್ತಾನೆ. “ಆಯ್ತು” ಅಂತ ಮಾತ್ರ ಅನ್ನುವುದಿಲ್ಲ. ಆ ಮಾತು ಅವನ ಬಾಯಿಂದ ಬಿದ್ದುಹೋಗಿ ಎರಡು ವರ್ಷವಾಯಿತು. ಅದು ಹೇಗೆ ಬಿದ್ದುಹೋಯಿತು ಅನ್ನುವುದನ್ನು ಅವನು ಹೇಳಲಾರ, ಅದಕ್ಕೇ ನಾನು ಹೇಳುತ್ತೇನೆ.

ನಾನು ಸರ್ವಮಂಗಳಮ್ಮ. ಕೆಳಗೆ ನಮ್ಮ ಯಜಮಾನರ ಪ್ರಿಂಟಿಂಗ್ ಪ್ರೆಸ್ ಇತ್ತು, ಊರಿನ ಲಗ್ನಪತ್ರಿಕೆಗಳೆಲ್ಲ ಅಲ್ಲೇ ಅಚ್ಚಾಗುತ್ತಿದ್ದವು. ಅವರು ಹೋದ ಮೇಲೆ ಮಹಡಿಯ ಹಜಾರವನ್ನು ಪಂಪಾಪತಿಗೆ ಬಾಡಿಗೆಗೆ ಕೊಟ್ಟೆ. ಬಂದಾಗ ಅವನ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. “ಶನಿಯ ಮೇಲೆ ಒಂದು ಪೇಟೆ ಕಟ್ತೀವಮ್ಮ, ಶನಿಪೇಟೆ ಅಂತ ಹೆಸರು” ಅಂದ. “ಶನಿಯ ಹೆಸರಿಟ್ಕೊಂಡು ಯಾರಾದ್ರೂ ಕೆಲಸ ಶುರು ಮಾಡ್ತಾರೇನಯ್ಯಾ? ತಲೆ ನೆಟ್ಟಗಿದೆಯಾ ನಿಂಗೆ?” ಅಂತ ಬೈದೆ. ನಕ್ಕ. ಮೊದಲು ಆ ಆಟದಲ್ಲಿ ಬಂದೂಕೇ ಇರಲಿಲ್ಲ, ಬರೀ ವ್ಯಾಪಾರ. ಗಾಳಿ ಮಾರುವವರು, ನೀರು ಮಾರುವವರು, ಚೌಕಾಸಿ ಮಾಡುವವರು. ಒಂದು ವರ್ಷ ಅದನ್ನೇ ಕಟ್ಟಿದರು. ಆಮೇಲೆ ಆಟವನ್ನು ಮಾರಿಕೊಡುತ್ತೇವೆ ಅಂತ ಹೊರಗಿನ ಕಂಪನಿಯೊಂದು ಬಂತು. ಅವರ ಮನುಷ್ಯ ಮಹಡಿ ಹತ್ತಿ, ಅರ್ಧ ಗಂಟೆ ಆಡಿ, “ಎಲ್ಲಾ ಸರಿ, ಇದರಲ್ಲಿ ಹೊಡೆದಾಟ ಎಲ್ಲಿದೆ?” ಅಂದ. ಗಾಳಿ ಮಾರುವವರ ಕೈಗೆ ಬಂದೂಕು ಬಂತು. ಇಪ್ಪತ್ತು ಜನ ಒಟ್ಟಿಗೆ ಆಡುವ ಹಾಗಿರಬೇಕು ಅಂದರು. ಕಟ್ಟಿದ್ದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದರು. ಬಿಡುಗಡೆಯ ದಿನ ಸಾರಿದರು, ಮುಂದೆ ಹಾಕಿದರು, ಮತ್ತೆ ಸಾರಿದರು, ಮತ್ತೆ ಮುಂದೆ ಹಾಕಿದರು. ನೆಂಟರಿಗೆಲ್ಲ ಹೇಳಿಬಿಟ್ಟ ಮದುವೆ ತಪ್ಪಿದ ಮನೆಯವರ ಮುಖ ಹೊತ್ತು ಓಡಾಡುತ್ತಿದ್ದರು ಪಾಪ.

ಹೊಡೆದಾಟ ಬಂದ ಮೇಲೆ ಸಾವೂ ಬರಬೇಕಲ್ಲ. ಹೊರಗಿನ ಆಟಗಳಲ್ಲಿ ಸತ್ತವನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತಾನೇ ಎದ್ದು ಬಂದೂಕು ಹಿಡಿದು ಓಡುತ್ತಾನಂತೆ. ಕಂಪನಿಯವರಿಗೆ ಹಾಗೇ ಬೇಕಿತ್ತು. ನಮ್ಮವರು ಒಪ್ಪಲಿಲ್ಲ. ಒಪ್ಪದವರಲ್ಲಿ ಮೊದಲನೆಯವಳು ವಾರಿಜಾ. ಇಪ್ಪತ್ತು ಜನರ ಆಟ ಒಂದಕ್ಕೊಂದು ಹೊಂದಿಕೊಂಡು ಓಡುವ ಹಾಗೆ ಮಾಡುವ ಕೆಲಸ ಅವಳದು, ಅದು ಅವಳೊಬ್ಬಳಿಗೇ ಪೂರ್ತಿ ತಿಳಿದಿದ್ದ ವಿದ್ಯೆ. “ಯಾರೂ ಕರೀದೇ ಎದ್ದು ಬರೋಕೆ ಅವನಿಗೇನು ಮನೆ ಮಠ ಇಲ್ವಾ ಪಂಪಣ್ಣ? ಮರ್ಯಾದೆ ಬೇಡ್ವಾ?” ಅಂತ ಕೇಳಿದಳು. ನಮ್ಮೂರಲ್ಲಿ ಹುಟ್ಟಿದವರು ಯಾರಾದರೂ ಹಾಗೇ ಕೇಳುತ್ತಿದ್ದರು.

ನಮ್ಮೂರಲ್ಲಿ ಹೋದವರು ಒಂದು ಸಲ ಬರುತ್ತಾರೆ. ಮೂರನೆಯ ದಿನ ಬೆಳಿಗ್ಗೆ ಮನೆಯವರು ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು “ಬಾ, ಮನೆಗೆ ಬಾ” ಅಂತ ಕರೆದರೆ ಬರುತ್ತಾರೆ, ಹೊತ್ತು ಮುಳುಗುವವರೆಗೆ ಇರುತ್ತಾರೆ. ಕರೆದ ಜಾಗದ ಹೊಸ್ತಿಲು ದಾಟಿ ಹೊರಗೆ ಹೋಗಲಾರರು. ಅವರ ಫೋಟೊ ಬರುವುದಿಲ್ಲ, ಫೋನಿನಲ್ಲಿ ಅವರ ದನಿ ಹೋಗುವುದಿಲ್ಲ. ಎದುರಿಗೆ ಕೂತವರಿಗಷ್ಟೇ ಅವರು. ಯಾರು ಮೊದಲು ಹೆಸರು ಕರೆದರೋ ಅಲ್ಲಿಗೇ ಬರುವುದು. ಆದ್ದರಿಂದ ಆ ಮೂರು ದಿನ ಊರಿಗೆ ಊರೇ ಆ ಹೆಸರನ್ನು ಬಾಯಿಂದ ದೂರ ಇಡುತ್ತದೆ. ಅದೇ ಹೆಸರಿನ ಬೇರೆಯವರಿದ್ದರೆ “ಏ ಇವನೇ” ಅಂತ ಕರೆಯುತ್ತೇವೆ, ಮೇಷ್ಟ್ರು ಹಾಜರಿಯಲ್ಲಿ ಆ ಹೆಸರು ಬಂದಾಗ ಕೆಮ್ಮುತ್ತಾರೆ. ಆದರೂ ಒಮ್ಮೆ ಹೋಟೆಲಿನ ಗುಂಡಣ್ಣ ಮೈಮರೆತು “ನಿಂಗಪ್ಪಾ, ಬಾ, ನಿನ್ ಚಾ ಆರಿಹೋಗ್ತದೆ” ಅಂತ ಯಾವ ನಿಂಗಪ್ಪನನ್ನೋ ಕೂಗಿ, ಎರಡು ದಿನದ ಹಿಂದೆ ತೀರಿಕೊಂಡಿದ್ದ ದೊಡ್ಡ ನಿಂಗಪ್ಪಜ್ಜ ಬಂದು ಬೆಂಚಿನ ಮೇಲೆ ಕೂತುಬಿಟ್ಟರು. ಗುಂಡಣ್ಣ ಹೌಹಾರಿ, ಒಲೆ ಹಾಗೇ ಬಿಟ್ಟು ಓಡಿಹೋಗಿ ಮನೆಯವರಿಗೆ ಹೇಳಿದ. ಅವರೆಲ್ಲ ಎಲೆ, ಪಾತ್ರೆ, ಮೊಮ್ಮಕ್ಕಳ ಸಮೇತ ಹೋಟೆಲಿಗೇ ಬಂದರು. ಆ ದಿನ ಯಾರಿಗೂ ಚಾ ಸಿಗಲಿಲ್ಲ, ಯಾರೂ ಬೈಯಲಿಲ್ಲ. ತಪ್ಪಾದರೆ ಏನು ಮಾಡಬೇಕು ಅನ್ನುವುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಓಡಿಹೋಗಿ ಹೇಳಬೇಕು.

ನಮ್ಮ ಯಜಮಾನರೂ ಬಂದಿದ್ದರು. ಏನೇನೋ ಕೇಳಬೇಕು, ಹೇಳಬೇಕು ಅಂತ ನಾನು ಎರಡು ರಾತ್ರಿ ನಿದ್ದೆ ಬಿಟ್ಟಿದ್ದೆ. ಆ ಮಹರಾಯ ಬಂದವರೇ ಉಪ್ಪಿಟ್ಟು ತಿಂದು, “ಗ್ಯಾಸ್ ಬುಕ್ ಮಾಡಿದ್ಯಾ?” ಅಂತ ಕೇಳಿ, ಚಾಪೆ ಹಾಸಿಕೊಂಡು ಮಲಗಿಬಿಟ್ಟರು! ಸಿಟ್ಟು ನೆತ್ತಿಗೇರಿತು. ಆಮೇಲೆ ಅವರು ಗೊರಕೆ ಹೊಡೆಯುವುದನ್ನೇ ನೋಡುತ್ತ ಸಂಜೆಯವರೆಗೆ ಪಕ್ಕದಲ್ಲಿ ಕೂತೆ. ಈಗ ಯಾರಾದರೂ ನನ್ನ ಬದುಕಿನಲ್ಲಿ ಒಂದು ದಿನ ಆರಿಸಿಕೋ ಅಂದರೆ ಅದನ್ನೇ ಆರಿಸಿಕೊಳ್ಳುತ್ತೇನೆ. ಅಷ್ಟು ದೊಡ್ಡದು ಆ ದಿನ.

ಹಾಗಾಗಿ ಆಟದಲ್ಲೂ ಕರೆ ಬಂತು. ಶನಿಪೇಟೆಯಲ್ಲಿ ಗುಂಡು ತಗಲಿ ಬಿದ್ದವನನ್ನು ಅವನ ಜೊತೆಗಾರನೇ ಕರೆಯಬೇಕು. ಕರೆಯುವವನು ಗುಂಡಿ ಒತ್ತಿದರೆ ಪೇಟೆಯ ತುಂಬ ಒಂದು ದನಿ ಹೆಸರು ಹಿಡಿದು ಕೂಗುತ್ತದೆ. ಆ ದನಿ ಯಾರದು ಅಂದಿರಾ? ವಾರಿಜಾಳ ಗಂಡ ತಿಪ್ಪೇಶನದು. ಬಸ್‌ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು, ಕಳೆದುಹೋದ ಮಕ್ಕಳ ಹೆಸರು ಕೂಗುವ ಕೆಲಸ ಅವನದು. ತುಂಬಿದ ದನಿ. ಅವನು ಮಗುವಿನ ಹೆಸರು ಕೂಗಿದರೆ ಕಳೆದುಹೋಗದ ಮಕ್ಕಳೂ ತಿರುಗಿ ನೋಡುತ್ತವೆ. ಒಂದು ಭಾನುವಾರ ಅವನನ್ನು ಮಹಡಿಗೆ ಕರೆದುಕೊಂಡು ಬಂದು, ಕಿಟಕಿಗೆಲ್ಲ ನನ್ನ ಕಂಬಳಿ ಕಟ್ಟಿ, ಪರೀಕ್ಷೆಗೆ ಅಂತ ಕಚೇರಿಯವರ ಹೆಸರುಗಳನ್ನೆಲ್ಲ ಕೂಗಿಸಿದರು. “ಪಂಪಾಪತೀ, ಬಾ, ಮನೆಗೆ ಬಾ.” “ವಾರಿಜಾ, ಬಾ, ಮನೆಗೆ ಬಾ.” ಹೆಂಡತಿಯ ಹೆಸರು ಬಂದಾಗ ಅವನಿಗೆ ನಾಚಿಕೆಯಾಗಿ ನಗು ಬಂದು, ಮೂರು ಸಲ ಕೂಗಿಸಬೇಕಾಯಿತು. ಅವಳು ಕಿಸಕ್ಕನೆ ನಕ್ಕು ಇನ್ನೂ ಕೆಡಿಸಿದಳು. ಕೆಳಗೆ ಕೂತು ಕೇಳುತ್ತಿದ್ದ ನನಗೂ ನಗು ತಡೆಯಲಾಗಲಿಲ್ಲ.

ಎಲ್ಲ ಚೆನ್ನಾಗಿತ್ತು, ಒಂದು ತೊಡಕು ಬಿಟ್ಟು. ಯಾರನ್ನಾದರೂ ಕರೆದ ಕೂಡಲೇ ಉಳಿದವರೆಲ್ಲ ನಿಂತಲ್ಲೇ ನಿಂತುಬಿಡುತ್ತಿದ್ದರು. ಓಡುತ್ತಿದ್ದವನು ಒಂದು ಕಾಲೆತ್ತಿಕೊಂಡು, ಗುಂಡು ಹಾರಿಸುತ್ತಿದ್ದವನು ಕೈ ಚಾಚಿಕೊಂಡು, ಇಡೀ ಶನಿಪೇಟೆ ಸ್ತಬ್ಧ. ಕೆಲವು ಸಲ ತಾನೇ ಬಿಟ್ಟುಕೊಳ್ಳುತ್ತಿತ್ತು, ಕೆಲವು ಸಲ ಇಲ್ಲ. ಕಂಪನಿಯ ದೊಡ್ಡವರು ಬಂದು ನೋಡುತ್ತೇವೆ, ಸರಿಯಿದ್ದರೆ ಸರಿ, ಇಲ್ಲದಿದ್ದರೆ ಈ ಆಟ ನಮಗೆ ಬೇಡ ಅಂತ ದಿನ ಗೊತ್ತು ಮಾಡಿಬಿಟ್ಟಿದ್ದರು. “ನಂಗೊತ್ತು ಎಲ್ಲಿದೆ ಅಂತ, ಈ ವಾರ ಬಿಡಿಸ್ತೀನಿ ಪಂಪಣ್ಣ” ಅಂದಿದ್ದಳು ವಾರಿಜಾ. ಆ ವಾರವೇ ಜ್ವರ ಬಂತು. ಸುಮ್ಮನೆ ಜ್ವರ ಅಂದುಕೊಂಡರು. ಆಸ್ಪತ್ರೆಗೆ ಸೇರಿಸಿದ ಮಾರನೆಯ ದಿನವೇ ಅವಳು ಹೋಗಿಬಿಟ್ಟಳು. ಗಟ್ಟಿಮುಟ್ಟಾಗಿದ್ದ ಹೆಣ್ಣುಮಗಳು. ಅವಳ ಮೂರನೆಯ ದಿನವೂ ಕಂಪನಿಯವರು ಬರುವ ಹಿಂದಿನ ದಿನವೂ ಒಂದೇ ಆಗಿ ಬಿತ್ತು.

ಸುದ್ದಿ ಬಂದ ದಿನ ಸಂಜೆ ನನಗೆ ಫಕ್ಕನೆ ನೆನಪಾಯಿತು. ಆ ಕಂಪ್ಯೂಟರಿಗೆ ಒಂದು ಅಭ್ಯಾಸವಿತ್ತು: ಬೆಳಿಗ್ಗೆ ಶುರು ಮಾಡಿದ ಕೂಡಲೇ ಪರೀಕ್ಷೆಗೆ ಅಂತ ತಾನೇ ತಾನಾಗಿ ಒಂದು ಆಟ ಆಡುತ್ತಿತ್ತು. ಕಚೇರಿಯವರ ಹೆಸರಿನ ಬೊಂಬೆಗಳು ಹೊಡೆದಾಡಿ, ಬಿದ್ದವರನ್ನು ತಿಪ್ಪೇಶನ ದನಿ ಕರೆಯುತ್ತಿತ್ತು. ನಾನು ಮೆಟ್ಟಿಲ ಕೆಳಗೆ ನಿಂತು, “ಪಂಪಾಪತೀ, ಆ ಮಿಷನ್ನಿನಿಂದ ಅವಳ ಹೆಸರು ತೆಗೆದುಬಿಡಪ್ಪಾ” ಅಂತ ಕೂಗಿ ಹೇಳಿದೆ. ಮೇಲಿಂದ, “ಆಯ್ತಮ್ಮ” ಅಂದ. ನೋಡಿ, ನಮ್ಮ ಮಾತಿನಲ್ಲಿ ಆಯ್ತು ಅಂದರೆ ಮಾಡುತ್ತೇನೆ ಅಂತಲೂ ಹೌದು, ಮಾಡಿ ಮುಗಿಸಿದೆ ಅಂತಲೂ ಹೌದು. ನಾನು ಮುಗಿಸಿದ್ದಾನೆ ಅಂದುಕೊಂಡೆ. ಮಂಡಿನೋವು, ಮಹಡಿ ಹತ್ತಿ ನೋಡಲು ಬೇಸರ. ಅವನು ಆ ಗಳಿಗೆಯಲ್ಲಿ ಮಾಡುತ್ತೇನೆ ಅಂತಲೇ ಅಂದದ್ದಂತೆ. ಆಮೇಲೆ ಕಂಪ್ಯೂಟರ್ ಮುಂದೆ ಕೂತವನ ಕೈ ಮುಂದಕ್ಕೆ ಹೋಗಲಿಲ್ಲವಂತೆ. ಮಿಷನ್ನು ಕರೆದರೆ ಬರುತ್ತಾರೇನು, ಯಾರು ಕಂಡಿದ್ದಾರೆ, ಅಂದುಕೊಂಡನಂತೆ. ನಾಳೆ ತೆಗೆದರಾಯಿತು ಅಂದುಕೊಂಡನಂತೆ. “ಮಂಗಳಮ್ಮ, ನಾನು ಕರೀಬೇಕು ಅಂತ ಅಂದ್ಕೊಳ್ಳಲಿಲ್ಲ. ತೆಗೀಲಿಲ್ಲ, ಅಷ್ಟೇ” ಅಂತ ಆಮೇಲೆ ನನ್ನ ಮುಂದೆ ಹೇಳಿ, ಹೇಳಿದ ಮಾತು ತನ್ನ ಕಿವಿಗೇ ಕೇಳಿ ತಲೆ ತಗ್ಗಿಸಿದ.

ಮೂರನೆಯ ದಿನ ಬೆಳಿಗ್ಗೆ ನಾವೆಲ್ಲ ತಿಪ್ಪೇಶನ ಬೀದಿಗೆ ಹೋದೆವು. ಕಚೇರಿಯವರೂ ಬಂದರು. “ನಾಳೆಯ ಕೆಲಸ ಇದೆ, ನೀವು ಹೋಗಿರಿ” ಅಂತ ಪಂಪಾಪತಿ ಒಬ್ಬನೇ ಉಳಿದ. ನಾವು ಬೀದಿಯ ತಿರುವು ದಾಟಿದ ಮೇಲೆ ಅವನು ಕಂಪ್ಯೂಟರ್ ಶುರು ಮಾಡಿದ. ಪರದೆಯ ಮೇಲೆ ಬೊಂಬೆಗಳು ಓಡಿದವು. ಗುಂಡಿ ಒತ್ತಿ ನಿಲ್ಲಿಸಬಹುದಿತ್ತು. ಅವನು ಕೈ ಕಟ್ಟಿಕೊಂಡು ಸುಮ್ಮನೆ ನೋಡುತ್ತ ನಿಂತ. ವಾರಿಜಾಳ ಹೆಸರಿನ ಬೊಂಬೆ ಬಿತ್ತು. “ವಾರಿಜಾ, ಬಾ, ಮನೆಗೆ ಬಾ” ಅಂತ ತಿಪ್ಪೇಶನ ದನಿ ಹಜಾರದ ತುಂಬ ಕೇಳಿಸಿತು.

ಅವಳು ಬಾಗಿಲಲ್ಲಿ ನಿಂತಿದ್ದಳು. ಸಾಸಿವೆ ಬಣ್ಣದ ಸೀರೆ, ಕೈತುಂಬ ಗಾಜಿನ ಬಳೆ, ಜ್ವರದಲ್ಲಿ ಬಾಡಿದ ಗುರುತು ಸ್ವಲ್ಪವೂ ಇಲ್ಲದ ಮುಖ. ಒಳಗೆಲ್ಲ ಕಣ್ಣಾಡಿಸಿ, “ಇವರೆಲ್ಲಿ ಪಂಪಣ್ಣ? ಕರೆದರಲ್ಲಾ ಈಗ?” ಅಂದಳು.

ಆಗಲಾದರೂ ಫೋನ್ ಎತ್ತಬಹುದಿತ್ತು. ಹತ್ತು ನಿಮಿಷದ ದಾರಿ ಅವಳ ಮನೆ. ಗುಂಡಣ್ಣನಂಥ ಗುಂಡಣ್ಣ ಒಲೆ ಬಿಟ್ಟು ಓಡಿರಲಿಲ್ಲವೇ? ಪಂಪಾಪತಿ ಬಾಯಿ ತೆರೆದರೆ ಹೊರಬಿದ್ದದ್ದು, “ಬರ್ತಾರೆ, ಕೂತ್ಕೊ.”

“ಮನೆಗೆ ಕರೆಯೋದು ಬಿಟ್ಟು ಇಲ್ಲಿಗ್ಯಾಕೆ ಕರೆದ್ರು?” ಅಂತ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಅವಳ ಮುಖ ಅರಳಿತು. “ಗೊತ್ತಾಯ್ತು ಬಿಡಿ. ನಾಳೆ ಕಂಪನಿಯವರು ಬರ್ತಾರಲ್ಲ. ನನ್ನ ಕೆಲಸ ಅರ್ಧಕ್ಕೆ ನಿಂತಿದೆ ಅಂತ ಆಸ್ಪತ್ರೆಯಲ್ಲೂ ಅದನ್ನೇ ಬಡಬಡಿಸ್ತಿದ್ದೆ. ಅದಕ್ಕೇ ಯೋಚನೆ ಮಾಡಿ ಇಲ್ಲಿಗೇ ಕರೆದಿದಾರೆ. ಎಂಥಾ ಮನುಷ್ಯ ನೋಡಿ ಪಂಪಣ್ಣ, ತಮ್ಮ ದಿನಾನೇ ನಂಗೆ ಬಿಟ್ಟುಕೊಟ್ಟುಬಿಟ್ರು.”

ಪಂಪಾಪತಿ “ಹೂಂ” ಅಂದ. ಆ ಒಂದು ಹೂಂ ಹೇಳುವಾಗ ತನಗೆ ಹೇಸಿಗೆಯಾಯಿತು, ಆದರೂ ಹೇಳಿದೆ, ಅಂದ ನನ್ನ ಹತ್ತಿರ.

ಅವಳು ತನ್ನ ಕುರ್ಚಿ ಎಳೆದುಕೊಂಡು, ಹೆಡ್‌ಫೋನ್ ಹಾಕಿಕೊಂಡು ಕೂತಳು. ಅವನು ತಂದಿದ್ದ ಬನ್ನು ಮುಂದೆ ಇಟ್ಟರೆ, “ಇವರು ಬರಲಿ, ಊಟ ತರ್ತಾರೆ” ಅಂದಳು. ಆಗಾಗ ತಿರುಗಿ, “ಎಲ್ಲಿದಾರಂತೆ?” ಅಂತ ಕೇಳಿದಳು. “ದಾರೀಲಿದಾರೆ” ಅಂದ. “ಏನೋ ಕಟ್ಟಿಸ್ಕೊಂಡು ಬರ್ತಿದಾರೆ” ಅಂದ. ಈಗ ಹೇಳಿಕಳಿಸುತ್ತೇನೆ, ಇದೊಂದು ಮುಗಿಯಲಿ. ಇನ್ನೇನು ಆಯಿತು, ಇದೊಂದು ಸಾಲು ಮುಗಿಯಲಿ, ಅಂದುಕೊಳ್ಳುತ್ತಿದ್ದ. ಫೋನ್ ಜೇಬಿನಿಂದ ತೆಗೆಯುತ್ತಿದ್ದ, ಮತ್ತೆ ಇಡುತ್ತಿದ್ದ. ಹೊತ್ತು ಹೋದಷ್ಟೂ ಹೇಳುವುದು ಕಷ್ಟವಾಯಿತು. ಬೆಳಿಗ್ಗೆ ಹೇಳಿದ್ದರೆ ಅಯ್ಯೋ ಬಾಯಿ ತಪ್ಪಿತು ಅನ್ನಬಹುದಿತ್ತು. ಮಧ್ಯಾಹ್ನ ಏನಂತ ಹೇಳುವುದು?

ಅತ್ತ ತಿಪ್ಪೇಶ ಹೊಸ್ತಿಲಲ್ಲಿ ನಿಂತು ಕರೆಯುತ್ತಿದ್ದ. ಬಾಗಿಲಿಗೆ ತೋರಣ, ಒಳಗೆ ಎಲೆ ಹಾಸಿ ಅಕ್ಕಿರೊಟ್ಟಿ, ಹೀರೆಕಾಯಿ ಚಟ್ನಿ. ಮೊದಲ ಸಲ ಕರೆದಾಗ ನಾವೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟೆವು. ಬರಲಿಲ್ಲ. ಮತ್ತೆ ಕರೆದ, ಮತ್ತೂ ಕರೆದ. ಬೀದಿಯಲ್ಲಿ ಗುಸುಗುಸು ಎದ್ದಿತು. ಕರೆದರೂ ಬರಲಿಲ್ಲ ಅಂದರೆ ನಮ್ಮೂರಲ್ಲಿ ಅದಕ್ಕೆ ಒಂದೇ ಅರ್ಥ: ಹೋದವರಿಗೆ ಆ ಮನೆಯ ಮುಖ ನೋಡಲು ಇಷ್ಟವಿಲ್ಲ. ಯಾರಾದರೂ ಮೊದಲೇ ಹೆಸರು ಹಿಡಿದಿರೇನು ಅಂತ ಹಿರಿಯರು ವಿಚಾರಿಸಿದರು, ಹೋಟೆಲು, ಬಸ್‌ಸ್ಟ್ಯಾಂಡು ಎಲ್ಲ ಕಡೆ ಹೋಗಿ ನೋಡಿ ಬಂದರು. “ನಿಮ್ಮ ಮಹಡಿ ಮೇಲೆ?” ಅಂತ ನನ್ನನ್ನೂ ಕೇಳಿದರು. “ಛೆ ಛೆ, ಪಂಪಾಪತಿ ಹೆಸರು ತೆಗೆದಿದಾನೆ. ನಾನೇ ಹೇಳಿ ತೆಗೆಸಿದ್ದು” ಅಂದೆ, ದೊಡ್ಡ ಜಾಣೆಯ ಹಾಗೆ. ಅಷ್ಟಕ್ಕೇ ಬಾಯಿ ಮುಚ್ಚಲಿಲ್ಲ. ಪಕ್ಕದವಳು “ಒಳಗೆ ಏನು ನಡೀತಿತ್ತೋ ಯಾರಿಗೆ ಗೊತ್ತು” ಅಂದಾಗ ನಾನೂ, “ದಿನಾ ಆಫೀಸಿಂದ ತಡವಾಗಿ ಬರ್ತಾಳೆ ಅಂತ ಏನಾದ್ರೂ ಅಂದಿದ್ನೋ ಏನೋ” ಅಂತ ಸೇರಿಸಿದೆ. ತಿಪ್ಪೇಶ ಅಲ್ಲೇ ಹತ್ತಿರದಲ್ಲಿದ್ದ, ಕೇಳಿಸಿರಬೇಕು. ಅವನು ನಮ್ಮ ಕಡೆ ನೋಡಲಿಲ್ಲ. ಬಸ್‌ಸ್ಟ್ಯಾಂಡು ತುಂಬುವ ಆ ದನಿ ಒಡೆದು ಗೊಗ್ಗರಾಗುವವರೆಗೆ ಕರೆದ. ಎಲೆಯ ಮೇಲಿನ ರೊಟ್ಟಿ ಒಣಗಿ ಮುರುಟಿಕೊಂಡಿತು.

ಜನ ಕರಗಿದರು. ನಾನು ಮನೆಗೆ ಬಂದು ಮೆಟ್ಟಿಲ ಕೆಳಗಿಂದ, “ಬರಲಿಲ್ಲ ಕಣೋ ಅವಳು, ಆ ತಿಪ್ಪೇಶನ ಮುಖ ನೋಡೋಕಾಗಲ್ಲ” ಅಂತ ಕೂಗಿದೆ. ಪಂಪಾಪತಿ ಬಾಗಿಲು ಸ್ವಲ್ಪವೇ ತೆಗೆದು, ಮೈ ಅಡ್ಡ ಇಟ್ಟು, “ಹೌದಾ ಅಮ್ಮ” ಅಂದು ಮುಚ್ಚಿಕೊಂಡ. ಅವನಿಗೂ ದುಃಖ ಅಂದುಕೊಂಡು, ಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗಿದೆ.

ಇಳಿಬಿಸಿಲಿನ ಹೊತ್ತಿಗೆ ಎಚ್ಚರವಾಯಿತು. ತಲೆಯ ಮೇಲೆ ಬಳೆಯ ಸದ್ದು. ವಾರಿಜಾ ಯೋಚನೆಯಲ್ಲಿದ್ದಾಗ ಬಳೆಗಳನ್ನು ಮೇಜಿನ ಅಂಚಿಗೆ ತಟ್ಟುತ್ತ ಕೂರುತ್ತಿದ್ದಳು. ಎಷ್ಟು ಮಧ್ಯಾಹ್ನ ಆ ಸದ್ದಿಗೆ ನಿದ್ದೆ ಕೆಟ್ಟು ಬೈದಿಲ್ಲ ನಾನು! ಮಂಡಿನೋವು ಎಲ್ಲಿ ಹೋಯಿತೋ, ಮಹಡಿ ಹತ್ತಿ ಬಾಗಿಲು ದಬ್ಬಿದೆ.

“ಅಯ್ಯೋ ಮಂಗಳಮ್ಮ, ನೀವಾದ್ರೂ ಬಂದ್ರಲ್ಲ!” ಅಂದಳು, ಹೆಡ್‌ಫೋನ್ ಕುತ್ತಿಗೆಗಿಳಿಸಿ. “ಇವರೆಲ್ಲಿ? ಹೊತ್ತು ಮುಳುಗ್ತಾ ಬಂತು. ಎಷ್ಟು ಹೊತ್ತು ಕಟ್ಟಿಸ್ತಾರೆ ಊಟಾನ?”

ನಾನು ಪಂಪಾಪತಿಯ ಕಡೆ ನೋಡಿದೆ. ಅವನು ಗೋಡೆ ನೋಡುತ್ತಿದ್ದ. ಕೇಳುವುದೇನೂ ಉಳಿಯಲಿಲ್ಲ. ತಿಪ್ಪೇಶನಿಗೆ ಫೋನ್ ಒತ್ತಿದೆ. ಪಕ್ಕದ ಮನೆಯವಳು ಎತ್ತಿದಳು. “ಅವನ ಕೈಗೆ ಕೊಡೇ!” ಅಂತ ಚೀರಿದೆ. “ತಿಪ್ಪೇಶಾ, ಓಡಿ ಬಾರಪ್ಪಾ. ಇಲ್ಲಿದಾಳೆ, ನಮ್ಮ ಮಹಡಿ ಮೇಲೆ. ಬೆಳಗಿಂದ ಇಲ್ಲೇ ಇದಾಳೆ, ನಿನ್ನನ್ನೇ ಕಾಯ್ತಾ ಇದಾಳೆ.” ಆ ಕಡೆ ಫೋನ್ ನೆಲಕ್ಕೆ ಬಿದ್ದ ಸದ್ದಾಯಿತು.

ವಾರಿಜಾ ನನ್ನ ಮಾತನ್ನೆಲ್ಲ ಕೇಳಿದಳು. ಮುಖದ ನಗು ಹಾಗೇ ಉಳಿದು ಕಣ್ಣು ಮಾತ್ರ ಬದಲಾಯಿತು. “ಪಂಪಣ್ಣ, ಇವರಿಗೆ ಗೊತ್ತೇ ಇರಲಿಲ್ವಾ?” ಅಂದಳು. “ಇವತ್ತೆಲ್ಲ ಅಲ್ಲಿ ಕರೀತಾ ಇದ್ರಾ?” ಅವನ ಮುಖ ಗೋಡೆಯ ಕಡೆಗೇ ಇತ್ತು. ಬೈದುಬಿಡೇ ತಾಯಿ ಅಂತ ನಾನು ಒಳಗೊಳಗೇ ಬೇಡಿಕೊಂಡೆ. ಅವಳು ಕಿಟಕಿಯ ಕಡೆ ನೋಡಿದಳು. ನೀರಿನ ಟ್ಯಾಂಕಿನ ಹಿಂದೆ ಬಿಸಿಲು ಇಷ್ಟೇ ಉಳಿದಿತ್ತು. ಮೆಟ್ಟಿಲ ಕಡೆ ಕಿವಿಗೊಟ್ಟಳು. ಆಮೇಲೆ ಪರದೆಗೆ ತಿರುಗಿ ಎರಡು ಸಲ ಏನೋ ಒತ್ತಿದಳು.

“ಆಟ ಹಾಗೆ ನಿಂತುಬಿಡೋದು ತಪ್ಪಾಗಿ ಆಗಿದ್ದಲ್ಲ ಪಂಪಣ್ಣ, ನಾನೇ ಬರೆದದ್ದು” ಅಂದಳು, ತಣ್ಣಗೆ. “ಕರೆದವನು ಬಂದವನ ಮುಖ ನೋಡೋವರೆಗೂ ಎಲ್ಲರೂ ಕಾಯ್ಲಿ ಅಂತ ಬರೆದಿದ್ದೆ. ಗುಂಡಿನ ಮಧ್ಯೆ ಯಾರು ಯಾರ ಮುಖ ನೋಡ್ತಾರೆ, ಅದಕ್ಕೇ ನಿಂತುಬಿಡ್ತಿತ್ತು.” ಬಳೆ ಒಂದು ಸಲ ಮೇಜಿಗೆ ತಾಗಿತು. “ಆಯ್ತು. ಕಾಯೋದನ್ನ ತೆಗೆದುಬಿಟ್ಟೆ.”

ಟ್ಯಾಂಕಿನ ಹಿಂದೆ ಬಿಸಿಲು ಹೋಯಿತು. ಕೆಳಗೆ ಸೈಕಲ್ ಬಿದ್ದ ಸದ್ದಾಯಿತು, ಮೆಟ್ಟಿಲ ಮೇಲೆ ಧಡಧಡ ಹೆಜ್ಜೆ. ತಿಪ್ಪೇಶ ಒಳಗೆ ಬಂದಾಗ ಅವಳ ಕುರ್ಚಿ ಇನ್ನೂ ಸ್ವಲ್ಪ ತಿರುಗುತ್ತಿತ್ತು. ಕಾಲಲ್ಲಿ ಚಪ್ಪಲಿಯಿಲ್ಲ, ಕೈಯಲ್ಲಿ ರೊಟ್ಟಿ ಸುತ್ತಿದ ಬಾಳೆಲೆ. ಅವನು ಖಾಲಿ ಕುರ್ಚಿ ನೋಡಿದ, ನನ್ನನ್ನು ನೋಡಿದ, ಪಂಪಾಪತಿಯನ್ನು ನೋಡಿದ. ಪರದೆಯ ಮೇಲೆ ಆಟ ಓಡುತ್ತಿತ್ತು. ಬೊಂಬೆಯೊಂದು ಗುಂಡು ತಗಲಿ ಬಿತ್ತು. “ವಾರಿಜಾ, ಬಾ, ಮನೆಗೆ ಬಾ” ಅಂದಿತು ತಿಪ್ಪೇಶನದೇ ದನಿ, ನಾಚಿಕೆಯ ನಗು ಇನ್ನೂ ಅಂಟಿಕೊಂಡಿದ್ದ ದನಿ. ಬೊಂಬೆ ಎದ್ದು ಓಡಿತು. ಯಾರೂ ನಿಲ್ಲಲಿಲ್ಲ, ಯಾರೂ ತಿರುಗಿ ನೋಡಲಿಲ್ಲ, ಎಲ್ಲರೂ ಓಡುತ್ತಲೇ ಇದ್ದರು. ತಿಪ್ಪೇಶ ಅದನ್ನು ಪೂರ್ತಿ ಕೇಳಿಸಿಕೊಂಡ. ಬಾಳೆಲೆಯ ಪೊಟ್ಟಣವನ್ನು ಕುರ್ಚಿಯ ಮೇಲಿಟ್ಟು ಇಳಿದು ಹೋದ.

ಮಾರನೆಯ ದಿನ ಕಂಪನಿಯವರು ಬಂದರು, ಆಡಿದರು, ಚಪ್ಪಾಳೆ ತಟ್ಟಿದರು. ಆ ಕರೆಯನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ ಅಂದರಂತೆ. ಪಂಪಾಪತಿ ಅಲ್ಲಿರಲಿಲ್ಲ. ಅವನು ತಿಪ್ಪೇಶನ ಬೀದಿಯಲ್ಲಿ ನಿಂತಿದ್ದ, ಹಿಂದಿನ ದಿನದ ತೋರಣ ಇನ್ನೂ ನೇತಾಡುತ್ತಿದ್ದ ಆ ಬಾಗಿಲ ಮುಂದೆ. ನಾನೂ ಹಿಂದೆಯೇ ಹೋಗಿದ್ದೆ. ಬೀದಿಯವರೆಲ್ಲ ಕೇಳುವ ಹಾಗೆ ಹೇಳಿದ: ಅವಳು ಬಂದಿದ್ದಳು, ಗಂಡನ ದನಿ ಕೇಳಿಯೇ ಬಂದಿದ್ದಳು, ನಾನು ಹೇಳಿಕಳಿಸಲಿಲ್ಲ, ನನ್ನ ಕೆಲಸ ಮಾಡಿಸಿಕೊಂಡೆ. ಏನನ್ನೂ ನುಂಗಲಿಲ್ಲ. ಒಬ್ಬಳು ಮುದುಕಿ ಥೂ ಅಂತ ಉಗಿದಳು. ನಿನ್ನೆ ಗುಸುಗುಸು ಅಂದಿದ್ದವರೆಲ್ಲ ನೆಲ ನೋಡಿದರು. ಅದರಲ್ಲಿ ನಾನೂ ಒಬ್ಬಳು.

ತಿಪ್ಪೇಶ ಜಗಲಿಗೆ ಬಂದು ಕೂತ. ಗಂಟಲು ಕಟ್ಟಿತ್ತು, ಹತ್ತಿರ ಹೋಗಿ ಕೇಳಬೇಕು ಹಾಗೆ ಮಾತಾಡಿದ. “ನನ್ನನ್ನ ಕೇಳಿದ್ಲಾ?”

“ಇಡೀ ದಿನ ಕೇಳಿದ್ಲು. ನೀವು ಬೇಕಂತಲೇ ಅಲ್ಲಿಗೆ ಕರೆದ್ರಿ ಅಂದ್ಕೊಂಡಿದ್ಲು. ಎಂಥಾ ಮನುಷ್ಯ ನೋಡಿ ಅಂದ್ಲು.”

ತಿಪ್ಪೇಶ ಮುಖ ಒರೆಸಿಕೊಂಡ. ಪಂಪಾಪತಿ, “ಆ ದನಿ ತೆಗೆದುಹಾಕ್ತೀನಿ, ಆಟಾನೇ ಬಿಟ್ಟುಬಿಡ್ತೀನಿ” ಅಂತ ತೊದಲಿದ. “ಯಾಕೆ? ಅವಳು ಮಾಡಿಟ್ಟು ಹೋಗಿದ್ದು ಅದು. ಮುಗಿಸಿ” ಅಂದ ತಿಪ್ಪೇಶ.

“ಪಂಪಣ್ಣ, ನನಗಿಂತ ಮೊದಲು ನೀವು ಹೋದರೆ, ಮೂರನೇ ದಿನ ನಿಮ್ಮ ಮನೆಯವರು ಏಳೋಕೆ ಮುಂಚೆ ನಾನು ನಿಮ್ಮ ಹೆಸರು ಕರೀತೀನಿ” ಅಂದ. “ನೀವು ಈ ಜಗಲಿಗೇ ಬರ್ತೀರಿ. ಇಲ್ಲೇ, ನನ್ನ ಪಕ್ಕ ಕೂತ್ಕೋತೀರಿ.”

ಪಂಪಾಪತಿ ಎರಡೂ ಕೈ ಮುಗಿದು, ತಲೆ ತಗ್ಗಿಸಿ ನಿಂತಿದ್ದ.

“ನೀವು ಬಂದ ಕೂಡಲೇ ನಿಮ್ಮನೆಗೆ ಓಡಿ ಹೋಗಿ ಹೇಳ್ತೀನಿ” ಅಂದ ತಿಪ್ಪೇಶ. “ಅಷ್ಟೇ.” ಎದ್ದು ಒಳಗೆ ಹೋದ.